ಎಬಿಸು ಗುಡ್ಡದ ಕಾರು ಜಾತ್ರೆ

ಕಾರು ಮುಂದಕ್ಕೆ ಓಡುವುದನ್ನು ನಾವೆಲ್ಲ ಕಂಡವರೇ. ಚಾಲಕನ ಕೈ ಪಳಗಿದ್ದರೆ ಹಿಂದಕ್ಕೆ ಓಡುವುದನ್ನೂ ಕಂಡಿದ್ದೇವೆ. ಆದರೆ ಹೊಳೆಬದಿಯ ಏಡಿಯ ಹಾಗೆ ಮೂತಿ ಒಂದು ಕಡೆ, ಹೋಗುವುದು ಇನ್ನೊಂದು ಕಡೆ ಎಂಬಂತೆ ಅಡ್ಡಡ್ಡ ಓಡುವ ಕಾರುಗಳನ್ನು, ಅದೂ ಒಂದೆರಡಲ್ಲ, ಒಂದು ಗುಡ್ಡದ ತುಂಬ ಕಾಣುವ ಯೋಗ ನಮಗೆ ಒದಗಿದ್ದು ಓಣಂ ರಜೆಯಲ್ಲಿ ಜಪಾನಿಗೆ ಹೋಗಿದ್ದಾಗ.

ನಮ್ಮ ತಂಗಿಯ ಮಗ ಟೋಕಿಯೋದ ಹತ್ತಿರ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಬನ್ನಿ ಬನ್ನಿ ಎಂದು ಮೂರು ವರ್ಷಗಳಿಂದ ಕರೆಯುತ್ತಿದ್ದ. ಕ್ಯೋತೋದ ದೇಗುಲಗಳು, ನಾರಾದ ದೊಡ್ಡ ಬುದ್ಧ, ಫುಜಿ ಪರ್ವತ ಎಂದು ನಾವು ಕಾಗದದಲ್ಲಿ ಪಟ್ಟಿ ಬರೆದುಕೊಂಡೇ ವಿಮಾನ ಹತ್ತಿದ್ದೆವು. ಎರಡನೆಯ ದಿನವೇ ಅವನು, "ಮಾವ, ಆ ಬುದ್ಧ ಸಾವಿರ ವರ್ಷದಿಂದ ಕೂತಿದ್ದಾನೆ, ಇನ್ನೆರಡು ದಿನ ಕಾಯುತ್ತಾನೆ. ಈ ಶನಿವಾರ ನಿಮ್ಮನ್ನು ಒಂದು ಮಾತ್ಸುರಿಗೆ ಕರೆದುಕೊಂಡು ಹೋಗುತ್ತೇನೆ" ಎಂದ. ಮಾತ್ಸುರಿ ಎಂದರೆ ಜಪಾನಿನಲ್ಲಿ ಊರ ದೇವರ ಉತ್ಸವ, ನಮ್ಮ ಜಾತ್ರೆ, ಆಯನಗಳ ಹಾಗೆ. ದೀಪ, ಡೋಲು, ದೇವರ ಪಲ್ಲಕ್ಕಿ ಎಲ್ಲ ಇರಬಹುದೆಂದು ನಾವು ಹೊರಟೆವು. ಅರ್ಧ ದಾರಿಯಲ್ಲಿ, ಇದು ದೇವರ ಮಾತ್ಸುರಿ ಅಲ್ಲ, ಕಾರಿನ ಮಾತ್ಸುರಿ ಎಂದು ಬಾಯಿಬಿಟ್ಟ. 'ಡ್ರಿಫ್ಟ್ ಮಾತ್ಸುರಿ' ಎಂದು ಅದರ ಹೆಸರು. ಕಾರನ್ನು ತಿರುವಿನಲ್ಲಿ ಬೇಕೆಂದೇ ಜಾರಿಸಿ ಓಡಿಸುವವರ ಕೂಟ.

ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾರಣವಿತ್ತು. ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಹುಡುಗನೊಬ್ಬ, ಹತ್ತೊಂಬತ್ತು ವರ್ಷದವನು, ಗೆಳೆಯರೊಡನೆ ಪಂಥ ಕಟ್ಟಿ ರಾತ್ರಿ ಹೆದ್ದಾರಿಯಲ್ಲಿ ಬೈಕು ಓಡಿಸಿ ಸತ್ತಿದ್ದ. ಮನೆಗೆ ಹೋದಾಗ ಅವನ ತಂದೆ ನಮ್ಮ ಕೈ ಹಿಡಿದುಕೊಂಡು, "ಮಾಷ್ಟ್ರೇ, ನೀವು ಆಗಲೇ ಹೇಳಿದ್ದಿರಿ" ಎಂದರು. ನಾವು ಹೇಳಿದ್ದಾದರೂ ಏನು? ಹುಡುಗ ಒಂಬತ್ತರಲ್ಲಿರುವಾಗ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಬೈಕಿನ ಚಿತ್ರ ಬರೆದಿದ್ದ. ಸರಪಣಿಯ ಒಂದೊಂದು ಕೊಂಡಿಯನ್ನೂ ಬಿಡದೆ ಬರೆದಿದ್ದ. ನಾವು ಅದನ್ನು ಹರಿದು ತೆಗೆದು, ತಂದೆಯನ್ನು ಕರೆಸಿ ದೂರು ಹೇಳಿದ್ದೆವು. ಅಷ್ಟೆ. ಆ ಹಾಳೆ ಈಗಲೂ ನಮ್ಮ ಮೇಜಿನ ಖಾನೆಯಲ್ಲಿದೆ. ಹೀಗಿರುವಾಗ ಕಾರು ಜಾರಿಸುವ ಆಟ ನೋಡಲು ಸಾವಿರಾರು ಮೈಲು ಬಂದೆವೇ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಅಳಿಯನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕರೆದುಕೊಂಡು ಬಂದಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು.

ಗುಡ್ಡದ ಮೈಗೆ ಅಂಟಿದ ಹಾದಿಗಳು

ಟೋಕಿಯೋದಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರು ಹೋದರೆ ಫುಕುಶಿಮಾ ಪ್ರಾಂತದ ನಿಹೊನ್‌ಮತ್ಸು ಎಂಬ ಪಟ್ಟಣ ಸಿಗುತ್ತದೆ. ಎರಡೂ ಕಡೆ ಹಸುರು ಗದ್ದೆ, ಪಶ್ಚಿಮಕ್ಕೆ ಅದತಾರ ಎಂಬ ಅಗ್ನಿಪರ್ವತ. ಅಕ್ಟೋಬರದಲ್ಲಿ ಇಲ್ಲಿ ನಡೆಯುವ ದೀಪೋತ್ಸವ ಜಪಾನಿನಲ್ಲೆಲ್ಲ ಪ್ರಸಿದ್ಧ. ಏಳು ತೇರುಗಳಿಗೆ ನೂರಾರು ಕಾಗದದ ದೀಪ ಕಟ್ಟಿ ರಾತ್ರಿಯಿಡೀ ಡೋಲು ಬಾರಿಸುತ್ತಾರೆ. ಊರಿನಿಂದ ಗುಡ್ಡ ಹತ್ತಿದರೆ ಮೊದಲು ತೋಹೊಕು ಸಫಾರಿ ಪಾರ್ಕ್ ಎಂಬ ಮೃಗಾಲಯ, ಅದಕ್ಕೆ ತಾಗಿಕೊಂಡೇ ಎಬಿಸು ಸರ್ಕ್ಯೂಟ್. ಕಾರಿನ ಆರ್ಭಟ ಒಂದು ಗಳಿಗೆ ನಿಂತಾಗ ಆಚೆಯಿಂದ ಸಿಂಹದ ಗರ್ಜನೆ ಕೇಳಿಸಿತು. ಪುನಃ ಕಾರು, ಪುನಃ ಸಿಂಹ. ಯಾರ ಗಂಟಲು ದೊಡ್ಡದೆಂದು ಹೇಳುವುದು ಕಷ್ಟ.

ಎಬಿಸು ಎಂಬುದು ಜಪಾನೀಯರ ಏಳು ಭಾಗ್ಯದೇವತೆಗಳಲ್ಲಿ ಒಬ್ಬನ ಹೆಸರು. ಕೈಯಲ್ಲಿ ಗಾಳ, ಕಂಕುಳಲ್ಲಿ ಮೀನು, ಮುಖದಲ್ಲಿ ನಗು. ಬೆಸ್ತರಿಗೂ ವ್ಯಾಪಾರಿಗಳಿಗೂ ಬೇಕಾದ ದೇವರು. ಆ ಏಳರಲ್ಲಿ ಬೆಂಝೈತೆನ್ ಎಂದರೆ ನಮ್ಮ ಸರಸ್ವತಿ, ಬಿಶಾಮೊನ್ ನಮ್ಮ ವೈಶ್ರವಣ ಅಂದರೆ ಕುಬೇರ, ದೈಕೋಕು ನಮ್ಮ ಮಹಾಕಾಲ. ಬೌದ್ಧಧರ್ಮದ ಜೊತೆ ಚೀನದ ದಾರಿಯಾಗಿ ಹೋಗಿ ಅಲ್ಲಿ ನೆಲೆಯಾದವರು. ಎಬಿಸು ಮಾತ್ರ ಆ ಮಣ್ಣಿನವನೇ. ಇದು ಪ್ರಾಸಂಗಿಕ.

ಸರ್ಕ್ಯೂಟ್ ಎಂದ ಕೂಡಲೇ ವಾಚಕರು ಟೆಲಿವಿಷನ್ನಿನಲ್ಲಿ ತೋರಿಸುವ ಸುಜುಕಾದಂತಹ ಭರ್ಜರಿ ಸ್ಥಳವನ್ನು ಊಹಿಸಬಾರದು. ಸುಜುಕಾ 1962ರಲ್ಲಿ ಹೋಂಡಾ ಕಂಪೆನಿ ಕಟ್ಟಿಸಿದ್ದು. ಒಂದು ಸುತ್ತು 5.8 ಕಿಲೋಮೀಟರು, ಸುತ್ತಲೂ ಲಕ್ಷ ಮಂದಿ ಕೂರುವ ಗ್ಯಾಲರಿ. ಎಬಿಸುವಿನಲ್ಲಿ ಇರುವುದು ಗುಡ್ಡವನ್ನು ಅಲ್ಲಲ್ಲಿ ಕಡಿದು ಮಾಡಿದ ಹಲವು ಪುಟ್ಟ ಹಾದಿಗಳು. ನಮ್ಮಲ್ಲಿ ಗುಡ್ಡದ ಇಳಿಜಾರಿನಲ್ಲಿ ಅಡಿಕೆ ತೋಟಕ್ಕೆ ತಟ್ಟು ಮಾಡುತ್ತಾರಲ್ಲ, ಹಾಗೆ ಒಂದರ ಕೆಳಗೊಂದು. ಕೆಲವಕ್ಕೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ದಿಕ್ಕುಗಳನ್ನೇ ಹೆಸರಾಗಿ ಇಟ್ಟಿದ್ದಾರೆ. ದಕ್ಷಿಣದ ಹಾದಿಯ ಏರಿನಲ್ಲಿ ಹಿಂದೆ ಕಾರುಗಳು ಅಡ್ಡಡ್ಡವಾಗಿಯೇ ನೆಲ ಬಿಟ್ಟು ಹಾರಿ, ಕಾಂಕ್ರೀಟು ಗೋಡೆಯ ಪಕ್ಕದಲ್ಲೇ ಇಳಿಯುತ್ತಿದ್ದವಂತೆ. ಆ ಹಾರುವಿಕೆಯಿಂದಲೇ ಈ ಗುಡ್ಡ ಲೋಕಪ್ರಸಿದ್ಧವಾಯಿತು. ಸರ್ಕ್ಯೂಟನ್ನು ನಡೆಸುವ ನೊಬುಶಿಗೆ ಕುಮಾಕುಬೊ ಸ್ವತಃ ಹೆಸರಾಂತ ಡ್ರಿಫ್ಟ್ ಚಾಲಕ.

ಟಿಕೇಟು ಪಡೆದು ಒಳಗೆ ಹೋಗಿ ನಾವು ಮೊದಲು ಹುಡುಕಿದ್ದು ಪ್ರೇಕ್ಷಕರನ್ನು. ಇದ್ದರು, ಆದರೆ ಬೆರಳೆಣಿಕೆಯಷ್ಟು. ಬಹುಮಾನ ಎಲ್ಲಿ, ತೀರ್ಪುಗಾರರು ಎಲ್ಲಿ ಎಂದು ಕೇಳಿದೆವು. ಅಳಿಯ ನಕ್ಕ. ಬಹುಮಾನವಿಲ್ಲ, ತೀರ್ಪುಗಾರರಿಲ್ಲ, ಗಡಿಯಾರವಿಲ್ಲ. ಬಂದವರೆಲ್ಲ ಆಡಲಿಕ್ಕೇ ಬಂದವರು. ಹಣ ಕಟ್ಟಿ, ಕಾರು ತಂದು, ಬೇಕಾದ ಹಾದಿಯಲ್ಲಿ ಸಾಲು ನಿಂತು, ಸರದಿ ಬಂದಾಗ ಹೋಗಿ, ಟಯರು ಸವೆದಾಗ ಬಂದು, ಹೊಸತು ಹಾಕಿಕೊಂಡು ಪುನಃ ಸಾಲು ನಿಲ್ಲುವುದು. ಹಗಲೂ ಅಷ್ಟೆ, ರಾತ್ರಿಯೂ ಅಷ್ಟೆ.

ಜಾರುವುದರ ಗುಟ್ಟು

ಇಲ್ಲಿ ಸ್ವಲ್ಪ ಪಾಠ ಹೇಳದೆ ಉಪಾಯವಿಲ್ಲ. ಡ್ರಿಫ್ಟ್ ಮಾಡುವ ಕಾರಿನಲ್ಲಿ ಇಂಜಿನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗಬೇಕು. ತಿರುವಿಗೆ ಬರುವಾಗ ಚಾಲಕನು ಕೈಬ್ರೇಕು ಎಳೆದೋ, ಕ್ಲಚ್ಚನ್ನು ಥಟ್ಟನೆ ಒದ್ದು ಬಿಟ್ಟೋ, ಮೊದಲು ತಿರುವಿನ ಎದುರು ದಿಕ್ಕಿಗೆ ಒಮ್ಮೆ ವಾಲಿಸಿ ಕೂಡಲೇ ಈಚೆಗೆ ಎಳೆದೋ ಹಿಂದಿನ ಟಯರುಗಳ ಹಿಡಿತ ತಪ್ಪಿಸುತ್ತಾನೆ. ಬಾಲ ಹೊರಕ್ಕೆ ಜಾರುತ್ತದೆ. ಹೆದರಿದವನು ಬ್ರೇಕು ತುಳಿಯುತ್ತಾನೆ, ಕಾರು ಬುಗುರಿಯಾಗುತ್ತದೆ. ಪಳಗಿದವನು ಸ್ಟಿಯರಿಂಗನ್ನು ಜಾರುವ ಕಡೆಗೇ ತಿರುಗಿಸಿ, ವೇಗದ ಪೆಡಲನ್ನು ಬಿಡದೆ ಹದವಾಗಿ ಒತ್ತುತ್ತ ಇರುತ್ತಾನೆ. ಹೀಗೆ ಬಲಕ್ಕೆ ತಿರುಗುವ ಕಾರಿನ ಮುಂದಿನ ಚಕ್ರಗಳು ಎಡಕ್ಕೆ ನೋಡುತ್ತಿರುತ್ತವೆ! ಚಾಲಕನ ಕಣ್ಣು ಮುಂದಿನ ಗಾಜಿನಲ್ಲಿ ಇರುವುದಿಲ್ಲ, ಪಕ್ಕದ ಕಿಟಕಿಯಲ್ಲಿರುತ್ತದೆ.

ಇನ್ನೊಂದು ಉಪಾಯ ನಮಗೆ ಬಹಳ ಹಿಡಿಸಿತು. ಗದ್ದೆಯ ಕೊನೆಯಲ್ಲಿ ನೊಗ ತಿರುಗಿಸುವಾಗ ಹೊರಗಿನ ಕೋಣ ಹೆಚ್ಚು ಹೆಜ್ಜೆ ಇಡಬೇಕು, ಒಳಗಿನದು ಕಡಿಮೆ. ಕಾರಿನಲ್ಲಿಯೂ ಹಾಗೆಯೇ. ಹೊರ ಚಕ್ರ ಹೆಚ್ಚು, ಒಳ ಚಕ್ರ ಕಡಿಮೆ ತಿರುಗಲೆಂದು ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಡಿರುತ್ತದೆ. ಜಾರಬೇಕಾದರೆ ಎರಡೂ ಒಟ್ಟಿಗೆ ತಿರುಗಬೇಕು. ಹಣವಿದ್ದವನು ಅದಕ್ಕೆಂದೇ ಮಾಡಿದ ಭಾಗವನ್ನು ಕೊಳ್ಳುತ್ತಾನೆ. ಹಣವಿಲ್ಲದವನು ಆ ಹಲ್ಲುಚಕ್ರಗಳನ್ನು ವೆಲ್ಡಿಂಗ್ ಮಾಡಿ ಬೆಸೆದುಬಿಡುತ್ತಾನೆ. ಅಲ್ಲಿ ಬೆಸೆದವರೇ ಹೆಚ್ಚೆಂದು ಅಳಿಯ ಹೇಳಿದ.

ಈ ವಿದ್ಯೆಗೆ ಒಂದು ಗುರುಪರಂಪರೆಯೂ ಇದೆ. ಕುನಿಮಿತ್ಸು ತಕಹಾಶಿ ಎಂಬವರು 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ವಿಶ್ವ ಮೋಟಾರು ಸೈಕಲ್ ಪಂದ್ಯ ಗೆದ್ದ ಮೊದಲ ಜಪಾನೀಯ. ಮುಂದೆ ಕಾರು ಪಂದ್ಯಕ್ಕೆ ಬಂದು, 1970ರ ದಶಕದಲ್ಲಿ ತಿರುವುಗಳನ್ನು ಜಾರಿಕೊಂಡೇ ದಾಟುವ ಕ್ರಮದಿಂದ ಹೆಸರಾದರು. ಅವರನ್ನು ನೋಡಿ ಕಲಿತವನು ಕೇಯಿಚಿ ತ್ಸುಚಿಯಾ. ಅವನ ಪಾಠಶಾಲೆ ಬೆಟ್ಟದ ರಸ್ತೆಗಳು, ರಾತ್ರಿಯ ಹೊತ್ತು. ಟೊಯೋಟಾದ ಎ.ಇ.86 ಎಂಬ ಬಡವರ ಕಾರಿನಲ್ಲಿ ಅವನು ಬೆಟ್ಟದ ರಸ್ತೆಯಲ್ಲಿ ಜಾರುವ ಚಿತ್ರ 1987ರಲ್ಲಿ ವಿಡಿಯೋ ಟೇಪಾಗಿ ಬಂತು. ದೇಶದ ಹುಡುಗರೆಲ್ಲ ಬೆಟ್ಟ ಹತ್ತಿದರು. 1995ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ 24 ಗಂಟೆಗಳ ಪಂದ್ಯದಲ್ಲಿ ಗುರುಶಿಷ್ಯರಿಬ್ಬರೂ ಒಂದೇ ಹೋಂಡಾ ಕಾರನ್ನು ಸರದಿಯಲ್ಲಿ ಓಡಿಸಿ ತಮ್ಮ ವರ್ಗದಲ್ಲಿ ಗೆದ್ದರು. ಆಗ ಗುರುವಿಗೆ 55 ವರ್ಷ. ತಕಹಾಶಿ 2022ರಲ್ಲಿ ತೀರಿಕೊಂಡರು. ಅದೇ 1995ರಲ್ಲಿ, ಅಪ್ಪನ ಅಂಗಡಿಯ ತೋಫು ಸಾಗಿಸುತ್ತ ಬೆಟ್ಟದ ರಸ್ತೆಯಲ್ಲಿ ಕಾರು ಕಲಿತ ಹುಡುಗನ ಕಥೆ 'ಇನಿಷಿಯಲ್ ಡಿ' ಚಿತ್ರಕಥೆಯಾಗಿ ಬರತೊಡಗಿ ಉಳಿದ ಹುಡುಗರನ್ನೂ ಕೆಡಿಸಿತು. ಕೆಡಿಸಿತು ಎಂಬುದು ನಮ್ಮ ಮಾತು.

ಪೊಲೀಸರು ಸುಮ್ಮನಿರಲಿಲ್ಲ. ಜಾರುವವರನ್ನು ಹಿಡಿದು ದಂಡ ಹಾಕಿದರು. ಅವರು ಕೂಡುವ ಬೆಟ್ಟದ ರಸ್ತೆಗಳಿಗೆ ಉಬ್ಬುಗಳನ್ನು ಹಾಕಿಸಿದರು. ಆಗ ಆ ಹುಡುಗರಿಗೆ ಉಳಿದದ್ದು ಇಂತಹ ಸರ್ಕ್ಯೂಟುಗಳು. ತ್ಸುಚಿಯಾ ಮತ್ತು 'ಆಪ್ಷನ್' ಪತ್ರಿಕೆಯ ದೈಜಿರೊ ಇನಾದಾ ಸೇರಿ ಅಂಕ ಕೊಟ್ಟು ತೀರ್ಮಾನಿಸುವ ಡಿ1 ಗ್ರಾಂಡ್ ಪ್ರಿ ಎಂಬ ಪಂದ್ಯವನ್ನು ಮೊದಲು ನಡೆಸಿದ್ದು ಇದೇ ಎಬಿಸುವಿನಲ್ಲಿ, 2000ದ ಅಕ್ಟೋಬರದಲ್ಲಿ. ಅದು ಪ್ರಚಂಡರ ಪಂದ್ಯ. ನಾವು ಹೋದದ್ದು ಸಾಮಾನ್ಯರ ಜಾತ್ರೆಗೆ.

ಸೊನ್ನೆ ಮತ್ತು ಎಂಟು

ಸಾಮಾನ್ಯರೆಂದರೆ ಯಾರು? ನಾವು ಮಾತಾಡಿಸಿದವರಲ್ಲಿ ಒಬ್ಬ ಗಾರೆ ಕೆಲಸದವನು, ಒಬ್ಬ ಲಾರಿ ಚಾಲಕ, ಒಬ್ಬಳು ಆಸ್ಪತ್ರೆಯ ದಾದಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡಿನಿಂದ ಬಂದವರೂ ಇದ್ದರು. ಕೆಲವರು ಇಲ್ಲಿಯೇ ಕಾರು ಇಟ್ಟುಕೊಂಡಿದ್ದು ಜಾತ್ರೆಗೆ ಮಾತ್ರ ಬರುತ್ತಾರೆ. ಕಾರುಗಳು ಬಹುಪಾಲು ಹಳೆಯ ನಿಸ್ಸಾನ್ ಸಿಲ್ವಿಯಾ. ಬಾಗಿಲು ಒಂದು ಬಣ್ಣ, ಬಾನೆಟ್ಟು ಒಂದು ಬಣ್ಣ. ಗೋಡೆಗೆ ತಾಗಿ ಸೀಳಿದ ಬಂಪರಿಗೆ ಎರಡೂ ಕಡೆ ತೂತು ಕೊರೆದು ಪ್ಲಾಸ್ಟಿಕ್ ಪಟ್ಟಿಗಳಿಂದ ಹೊಲಿದಿರುತ್ತಾರೆ, ಗಾಯಕ್ಕೆ ಹೊಲಿಗೆ ಹಾಕಿದಂತೆ. ಅದನ್ನು ಮುಚ್ಚಿಡುವುದಿಲ್ಲ, ಅದೇ ಒಂದು ಹೆಮ್ಮೆ.

ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ದೊಡ್ಡ ಹಾದಿಗಳಲ್ಲ. ಒಂದು ಮೂಲೆಯಲ್ಲಿ ಚಪ್ಪಟೆ ಅಂಗಳ, ನೆಲಕ್ಕೆ ನೀರು ಬಿಟ್ಟಿದ್ದರು. ನಡುವೆ ಒಂದು ಪ್ಲಾಸ್ಟಿಕ್ ಶಂಕು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಹಳೆಯ ಸಿಲ್ವಿಯಾದಲ್ಲಿ ಅದರ ಸುತ್ತ ತಿರುಗುತ್ತಿದ್ದಳು. ತಿರುಗುವುದು, ಬಾಲ ತಪ್ಪಿ ಬುಗುರಿಯಾಗುವುದು, ನಿಲ್ಲುವುದು, ಪುನಃ ತಿರುಗುವುದು. ಐವತ್ತು ದಾಟಿದ ಒಬ್ಬಾತ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದ. ಬೈಗುಳವಿಲ್ಲ, ಶಹಭಾಸೂ ಇಲ್ಲ. ಬುಗುರಿಯಾದಾಗ ಎದ್ದು ಹೋಗಿ ಕಿಟಕಿಯಲ್ಲಿ ಎರಡು ಮಾತು ಹೇಳಿ ಬರುತ್ತಿದ್ದ. ಮೊದಲು ಸೊನ್ನೆ ಬರಬೇಕು, ಆಮೇಲೆ ಎರಡು ಶಂಕು ಇಟ್ಟು ಎಂಟು. ಎಂಟು ಕೈಗೆ ಬರುವವರೆಗೆ ಮೇಲಿನ ಹಾದಿಗೆ ಹೋಗುವಂತಿಲ್ಲ, ಅದು ಆತನ ಕಟ್ಟಳೆ. ನಮಗೆ ನಗು ಬಂತು. ನಾವೂ ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ತಿದ್ದಿಸಿದವರೇ. ಸೊನ್ನೆಯ ಎರಡು ತುದಿ ಸೇರಿಸುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಒಂದು ಗಂಟೆ ನೋಡಿದೆವು. ಹುಡುಗಿಯ ಸೊನ್ನೆ ಮೂರು ಬಾರಿ ಸೇರಿತು. ನಾಲ್ಕನೆಯ ಸಲ ತಪ್ಪಿತು.

ಆತ ಕಾರಿನ ತಗಡು ಬಡಿದು ಸರಿಪಡಿಸುವ ಕೆಲಸದವ. ನಾವು ಶಾಲಾ ಮಾಸ್ತರರೆಂದು ಅಳಿಯ ಪರಿಚಯ ಹೇಳಿದ ಮೇಲೆ "ಸೆನ್ಸೇ, ಸೆನ್ಸೇ" ಎಂದು ಬಗ್ಗಿ ವಂದಿಸಿ, ತನ್ನ ಮಡಚುವ ಕುರ್ಚಿಯನ್ನು ನಮಗೆ ಕೊಟ್ಟ. ಬೆಟ್ಟದ ರಸ್ತೆಯಲ್ಲಿ ಓಡಿಸುತ್ತಿದ್ದ ಕಾಲದ ಗೆಳೆಯರು ಈಗಲೂ ಬರುತ್ತಾರೆಯೇ ಎಂದು ಅಳಿಯನ ಮೂಲಕ ಕೇಳಿದೆವು. ಬರುತ್ತಾರೆ ಎಂದ. ಸ್ವಲ್ಪ ತಡೆದು ಎರಡು ಬೆರಳು ಎತ್ತಿ ತೋರಿಸಿದ. ಒಬ್ಬ ಕಮರಿಗೆ ಬಿದ್ದ. ಇನ್ನೊಬ್ಬ ತಿರುವಿನಲ್ಲಿ ಎದುರಿನ ಕಾರಿಗೆ ಗುದ್ದಿದ, ಆ ಕಾರಿನಲ್ಲಿ ಇದ್ದವರಿಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಆ ತಿರುವಿಗೆ ಹೂ ತೆಗೆದುಕೊಂಡು ಹೋಗುತ್ತಾನಂತೆ. "ಇಲ್ಲಿ ಗೋಡೆಗೆ ಗುದ್ದಿದರೆ ತಗಡು ಹೋಗುತ್ತದೆ. ತಗಡು ನಾನು ಬಡಿದು ಕೊಡಬಲ್ಲೆ" ಎಂದ.

ನಾವು ನಮ್ಮ ಹುಡುಗನ ವಿಷಯ ಹೇಳಿದೆವು. ಯಾಕೆ ಹೇಳಿದೆವೋ ತಿಳಿಯದು. ಚಿತ್ರದ ವಿಷಯವನ್ನೂ ಹೇಳಿದೆವು. ಆತ ಚಿತ್ರದ ಬಗ್ಗೆ ಮಾತ್ರ ಕೇಳಿದ, ಚೆನ್ನಾಗಿತ್ತೇ ಎಂದು. ಚೆನ್ನಾಗಿತ್ತು ಎಂದೆವು.

ಇದನ್ನು ಓದಿ ಮಾಸ್ತರರು ಜಾರುವವರ ಕಡೆಗೆ ಸೇರಿದರೆಂದು ಯಾರೂ ತಿಳಿಯಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಗುಡ್ಡದ ಮೇಲೆ ಕುಂಬಳೆ ಬೆಡಿಯ ಮರುಗಳಿಗೆಯಂತೆ ಹೊಗೆ ನಿಂತಿತ್ತು. ಒಂದು ಜೊತೆ ಟಯರು ಕೆಲವು ಸುತ್ತುಗಳಲ್ಲಿ ತಂತಿ ಕಾಣುವಷ್ಟು ಸವೆಯುತ್ತದೆ. ಹಳೆಯ ಟಯರುಗಳನ್ನೇ ತಂದು ಉಪಯೋಗಿಸುತ್ತಾರೆಂಬುದು ನಿಜ, ಆದರೂ ಆ ರಾಶಿ ನೋಡಿದರೆ ಪರಿಸರದ ಪಾಠ ಮಾಡುವ ನಮಗೆ ಹೊಟ್ಟೆ ಉರಿಯದಿರುತ್ತದೆಯೇ? ಅಪಾಯವೂ ಇಲ್ಲದಿಲ್ಲ. ನಮ್ಮ ಕಣ್ಣೆದುರೇ ಒಂದು ಕಾರು ಗೋಡೆಗೆ ಬಡಿದು ಮೂತಿ ನಜ್ಜುಗುಜ್ಜಾಯಿತು. ಶಿರಸ್ತ್ರಾಣ ಧರಿಸಿದ್ದ ಹುಡುಗ ಬಾಗಿಲು ತೆರೆದು ಹೊರಗೆ ಬಂದು, ಮೊದಲು ಮಾಡಿದ ಕೆಲಸವೆಂದರೆ ಹಿಂದೆ ಸಾಲಿನಲ್ಲಿ ಕಾಯುತ್ತಿದ್ದವರಿಗೆ ಬಗ್ಗಿ ಕ್ಷಮೆ ಕೇಳಿದ್ದು.

ಗುಡ್ಡಕ್ಕೂ ಅದರದೇ ಗಾಯಗಳಿವೆ. 2011ರ ಮಾರ್ಚ್ 11ರ ಮಹಾಭೂಕಂಪ, ಸುನಾಮಿ, ಅಣುಸ್ಥಾವರದ ದುರಂತ ನಡೆದದ್ದು ಇದೇ ಫುಕುಶಿಮಾ ಪ್ರಾಂತದಲ್ಲಿ. ಸ್ಥಾವರದ ಬಳಿಯ ನಾಮಿಯೆ ಎಂಬ ಪಟ್ಟಣವನ್ನು ಖಾಲಿ ಮಾಡಿಸಿದಾಗ ಅದರ ಪಟ್ಟಣ ಕಚೇರಿಯೇ ನಿಹೊನ್‌ಮತ್ಸುವಿಗೆ ಬಂದು ವರ್ಷಗಟ್ಟಲೆ ಇಲ್ಲಿಂದ ಕೆಲಸ ಮಾಡಿತು. ಊರಿಲ್ಲದೆ ಊರಿನ ಕಚೇರಿ! ಮತ್ತೆ 2021ರ ಫೆಬ್ರವರಿ 13ರಂದು ರಾತ್ರಿ 11 ಗಂಟೆ ಕಳೆದು 7.3 ತೀವ್ರತೆಯ ಕಂಪನವಾದಾಗ ಎಬಿಸುವಿನಲ್ಲಿ ಗುಡ್ಡದ ಒಂದು ಮಗ್ಗುಲೇ ಜರಿದು ಓಟದ ಹಾದಿಯ ಮೇಲೆ ಬಿತ್ತು. ಮಣ್ಣು, ಮರ, ಬಂಡೆ ಎಲ್ಲ ಒಟ್ಟಿಗೆ. 2024ರ ಜುಲೈಯಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಆದದ್ದನ್ನು ಕೇಳಿದ ನಮಗೆ ಗುಡ್ಡ ಜರಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಅದು ಯಾರೂ ಇಲ್ಲದ ಹೊತ್ತು. ಮಣ್ಣು ತೆಗೆದು ಪುನಃ ಹಾದಿ ಮಾಡಿದ್ದಾರೆ.

ಆದರೆ ಬಡಿಗಾರನ ಚಿಂತೆ ಭೂಕಂಪದ್ದಲ್ಲ. ಸಿಲ್ವಿಯಾವನ್ನು ಕಂಪೆನಿ 2002ರಲ್ಲಿ ನಿಲ್ಲಿಸಿತು, ಎ.ಇ.86 ನಿಂತದ್ದು 1987ರಲ್ಲೇ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಅಗ್ಗದ ಕಾರು ಈಗ ಅಪರೂಪ. ಅಮೆರಿಕದ ಕಾನೂನಿನಂತೆ 25 ವರ್ಷ ದಾಟಿದ ಪರದೇಶದ ಕಾರನ್ನು ಸುರಕ್ಷತಾ ನಿಯಮಗಳ ತೊಡಕಿಲ್ಲದೆ ಆಮದು ಮಾಡಬಹುದು. ಆದ್ದರಿಂದ ಈ ಕಾರುಗಳಿಗೆ 25 ತುಂಬುತ್ತಿದ್ದಂತೆ ಆ ಕಡೆಯ ಶೋಕಿದಾರರು ಬಂದು ಎತ್ತಿಕೊಂಡು ಹೋಗುತ್ತಾರೆ, ಬೆಲೆ ಏರುತ್ತದೆ. ಗಾರೆ ಕೆಲಸದ ಹುಡುಗ ಎರಡು ಮೂರು ತಿಂಗಳ ಸಂಬಳದಲ್ಲಿ ಕೊಳ್ಳುತ್ತಿದ್ದ ಕಾರು ಈಗ ಅವನ ಕೈಗೆ ಸಿಗುವುದಿಲ್ಲ. "ನನ್ನ ಶಿಷ್ಯೆ ಓಡಿಸುತ್ತಿರುವುದು ನನ್ನ ಕಾರು. ಅವಳಿಗೆ ಕೊಳ್ಳಲಾಗದು" ಎಂದ. ಸರ್ಕ್ಯೂಟಿಗೂ ಬರಲಾಗದಿದ್ದರೆ ಹುಡುಗರು ಎಲ್ಲಿಗೆ ಹೋಗುತ್ತಾರೆ ಎಂದು ನಾವು ಕೇಳಲಿಲ್ಲ. ನಮ್ಮ ದೇಶದಲ್ಲಿಯೂ ಕೊಯಂಬತ್ತೂರಿನ ಬಳಿ, ಚೆನ್ನೈಯ ಬಳಿ ಓಟದ ಹಾದಿಗಳಿವೆ. ಕಾಸರಗೋಡಿನ ಹುಡುಗ ರಾತ್ರಿ ಊಟ ಮುಗಿಸಿ ಅಲ್ಲಿಗೆ ಹೋಗಿ ಬರಲಾರ. ಅವನ ಮನೆಯ ಮುಂದೆ ಇರುವುದು ಹೆದ್ದಾರಿ.

ರಾತ್ರಿ ಹನ್ನೊಂದಕ್ಕೆ ನಾವು ತಂದಿದ್ದ ಅವಲಕ್ಕಿ ತಿಂದು ಮುಗಿಸಿದಾಗ ಆ ಬಡಿಗಾರ ಬಂದು, ಒಂದು ಶಿರಸ್ತ್ರಾಣವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮೆದುರು ಚಾಚಿದ. ಬೇಡವೆಂದೆವು. ಅಳಿಯನೂ ಒತ್ತಾಯಿಸಲಿಲ್ಲ. ಆತ ಚಾಚಿದ ಕೈ ಹಿಂತೆಗೆಯಲಿಲ್ಲ. ಕೊನೆಗೆ ಹತ್ತಿ ಕುಳಿತೆವು. ನಾಲ್ಕು ಪಟ್ಟಿಗಳಿಂದ ನಮ್ಮನ್ನು ಸೀಟಿಗೆ ಕಟ್ಟಿದ. ಮೊದಲ ತಿರುವಿನಲ್ಲಿ ಗೋಡೆ ಎದುರಿಗೆ ಬರಲಿಲ್ಲ, ಪಕ್ಕದ ಕಿಟಕಿಯಿಂದ ಬಂತು. ಬಂದು, ಒಂದು ಮೊಳ ದೂರದಲ್ಲಿ ನಮ್ಮ ಜೊತೆಗೇ ಓಡಿತು. ಹೊಟ್ಟೆ ಎಡಕ್ಕೆ ಹೋಯಿತು, ನಾವು ಬಲಕ್ಕೆ ಹೋದೆವು. ನಾವು ಕೂಗಿದೆವೆಂದು ಅಳಿಯ ಹೇಳುತ್ತಾನೆ, ನಮಗೆ ನೆನಪಿಲ್ಲ. ನೆನಪಿರುವುದು ಆತನ ಕೈಗಳು. ಸ್ಟಿಯರಿಂಗು ತಾನಾಗಿ ಗಿರ್ರನೆ ತಿರುಗುತ್ತಿತ್ತು, ಕೈಗಳು ಅದನ್ನು ಬಿಟ್ಟು, ಬೇಕಾದಲ್ಲಿ ಮೆಲ್ಲಗೆ ಹಿಡಿಯುತ್ತಿದ್ದವು. ನಾಲ್ಕು ಸುತ್ತು ಬಂದೆವು. ಇಳಿದಾಗ ಕಾಲು ನಡುಗುತ್ತಿತ್ತು, ಮುಖದಲ್ಲಿ ನಗುವಿತ್ತಂತೆ. ಆ ಹುಡುಗನಿಗೂ ಹೀಗೆಯೇ ಆಗುತ್ತಿತ್ತೇನೋ.

ನಸುಕಿನಲ್ಲಿ ಹೊರಟೆವು. ಗುಡ್ಡ ಇಳಿಯುವಾಗ ನಮ್ಮ ಮುಂದೆ ಆ ಬಡಿಗಾರನ ವ್ಯಾನು, ಹಿಂದಿನ ಸೀಟಿನಲ್ಲಿ ಆ ಹುಡುಗಿ ನಿದ್ದೆ. ಊರಿನ ಅಂಚಿನಲ್ಲಿ ಕೆಂಪು ದೀಪ ಬಿತ್ತು. ಯಾವ ದಿಕ್ಕಿನಲ್ಲೂ ಒಂದು ನರಪಿಳ್ಳೆ ಇಲ್ಲ. ಆತ ಗೆರೆಯ ಹಿಂದೆ ನಿಲ್ಲಿಸಿ, ಹಸುರು ಬರುವ ತನಕ ಕಾದು, ತಿರುಗುವ ದೀಪ ಹಾಕಿ ಎಡಕ್ಕೆ ತಿರುಗಿದ.

"ಮಾವ, ನಿಮ್ಮನ್ನು ಆ ಕಾರಿನಲ್ಲಿ ಕೂರಿಸಿದ್ದು ಅಮ್ಮನಿಗೆ ಹೇಳಬೇಡಿ" ಎಂದು ಅಳಿಯ ದಾರಿಯುದ್ದಕ್ಕೂ ಹೇಳುತ್ತಿದ್ದ. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ. ತಂಗಿಯ ಮನೆಗೆ ಈ ಪತ್ರಿಕೆ ದಿನವೂ ಹೋಗುತ್ತದೆ.